ಹಳೆಯ ಸೈನಿಕ ಕಿಲ್ಟ್: ಪರಿಶೀಲನೆ ಮತ್ತು ದುರಸ್ತಿಯ ಕ್ರಮ

ಸ್ಕಾಟ್ಲೆಂಡಿನ ಹೈಲ್ಯಾಂಡ್ ದಳಗಳ ಸೈನಿಕರು ಉಡುತ್ತಿದ್ದ ಕಿಲ್ಟ್, ಅಂದರೆ ಮೊಣಕಾಲಿನವರೆಗೆ ಬರುವ ನೆರಿಗೆಯ ಉಣ್ಣೆ ಲಂಗ, ಹರಾಜಿನಲ್ಲಿಯೋ ಹಳೆಯ ಸಾಮಾನಿನ ಅಂಗಡಿಯಲ್ಲಿಯೋ ಕೈಗೆ ಬಂದಾಗ, ಅದನ್ನು ಒಗೆದು, ಇಸ್ತ್ರಿ ಮಾಡಿ, ತೂತುಗಳನ್ನು ಮುಚ್ಚಿ ಹೊಸದರಂತೆ ಮಾಡಬೇಕೆಂಬ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಆ ಆಸೆಯನ್ನು ಕೆಲವು ವಾರ ತಡೆದುಕೊಳ್ಳುವುದು ಒಳ್ಳೆಯದು. ಉಡುಪಿನ ಹೊರಮೈ ಬಿಸಿಲಿಗೆ, ಮಳೆಗೆ, ಬ್ರಷ್ಷಿಗೆ ಸಿಕ್ಕಿ ಸವೆದಿರುತ್ತದೆಯಾದರೂ ಅದರ ಮೂಲ ಬಣ್ಣ, ಹೊಲಿದವರ ಕೈಬರಹದಂತಿರುವ ಹೊಲಿಗೆ, ಉಟ್ಟವನ ಸಂಖ್ಯೆ, ಕಂದಕದ ಮಣ್ಣು ಇವೆಲ್ಲ ನೆರಿಗೆಗಳ ಒಳಗೂ ಅಸ್ತರಿಯ ಹಿಂದೆಯೂ ಉಳಿದಿರುತ್ತವೆ. ನೆರಿಗೆಯ ಒಳಭಾಗವನ್ನು ಪೂರ್ತಿ ನೋಡಿ ದಾಖಲಿಸುವ ಮೊದಲು ನೀರನ್ನಾಗಲಿ ಸೂಜಿಯನ್ನಾಗಲಿ ತಾಗಿಸಬಾರದು ಎಂಬುದು ಈ ಲೇಖನದ ಉದ್ದಕ್ಕೂ ಅನ್ವಯಿಸುವ ನಿಯಮ. ಹೀಗಾಗಿ ಇಲ್ಲಿ ದುರಸ್ತಿಗಿಂತ ಪರಿಶೀಲನೆಗೇ ಹೆಚ್ಚು ಜಾಗ ಮೀಸಲಾಗಿದೆ.

ಮೊದಲ ಹಂತ: ಪ್ರತ್ಯೇಕವಾಗಿ ಇಡುವುದು

ತಂದ ಕೂಡಲೇ ಕಿಲ್ಟನ್ನು ಮನೆಯ ಇತರ ಉಣ್ಣೆ ಬಟ್ಟೆಗಳಿಂದ ದೂರವಿಡಬೇಕು. ನೆರಿಗೆಗಳ ಕತ್ತಲು ನುಸಿಗೆ ಬಹಳ ಇಷ್ಟವಾದ ಜಾಗ. ಬಟ್ಟೆಯನ್ನು ತಿನ್ನುವುದು ಹಾರುವ ನುಸಿಯಲ್ಲ, ಅದರ ಮರಿಹುಳು. ರೇಷ್ಮೆಯಂಥ ಬಿಳಿ ಗೂಡಿನ ಚೂರುಗಳು, ಬಟ್ಟೆಯ ಬಣ್ಣದ್ದೇ ಆದ ಮರಳಿನಂಥ ಹಿಕ್ಕೆ, ಕಂಬಳಿ ಜೀರುಂಡೆಯ ಮರಿಗಳು ಕಳಚಿಟ್ಟ ರೋಮಭರಿತ ಪೊರೆ ಕಂಡರೆ ಹುಳು ಬಿದ್ದಿದೆ ಎಂದೇ ತಿಳಿಯಬೇಕು. ಏನೂ ಕಾಣದಿದ್ದರೂ ತಣ್ಣಗಿನ ಚಿಕಿತ್ಸೆ ಕೊಟ್ಟುಬಿಡುವುದು ಕ್ಷೇಮ. ಕಿಲ್ಟನ್ನು ಆಮ್ಲರಹಿತ ಟಿಶ್ಯೂ ಕಾಗದದಲ್ಲಿ ಸಡಿಲವಾಗಿ ಸುತ್ತಿ, ಪಾಲಿಥೀನ್ ಚೀಲದಲ್ಲಿಟ್ಟು, ಗಾಳಿಯನ್ನು ಆದಷ್ಟು ಹೊರತೆಗೆದು, ಚೀಲದ ಬಾಯಿಯನ್ನು ಗಟ್ಟಿಯಾಗಿ ಮುಚ್ಚಬೇಕು. ಮನೆಯ ಡೀಪ್ ಫ್ರೀಜರಿನ −18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ವಾರ ಬೇಕಾಗುತ್ತದೆ. −30 ಡಿಗ್ರಿಯ ಸೌಲಭ್ಯವಿದ್ದರೆ ಮೂರು ದಿನ ಸಾಕು. ಹೊರತೆಗೆದ ಮೇಲೆ ಕನಿಷ್ಠ 24 ಗಂಟೆ ಚೀಲವನ್ನು ಬಿಚ್ಚಬಾರದು. ಬಿಚ್ಚಿದರೆ ಗಾಳಿಯ ತೇವವೆಲ್ಲ ತಣ್ಣಗಿನ ಉಣ್ಣೆಯ ಮೇಲೆ ನೀರಾಗಿ ಇಳಿಯುತ್ತದೆ, ಮಂಗಳೂರಿನಂಥ ಊರಿನಲ್ಲಂತೂ ಕೆಲವೇ ನಿಮಿಷಗಳಲ್ಲಿ.

ಇನ್ನೊಂದು ಎಚ್ಚರಿಕೆಯೂ ಉಂಟು. ಹಿಂದಿನ ಕಾಲದಲ್ಲಿ ಉಣ್ಣೆಯ ಸಂಗ್ರಹಗಳನ್ನು ಕಾಪಾಡಲು ಆರ್ಸೆನಿಕ್, ಪಾದರಸದ ಲವಣಗಳು, ಆಮೇಲೆ ಡಿಡಿಟಿ ಬಳಸುತ್ತಿದ್ದರು. ಮೂಲ ಗೊತ್ತಿಲ್ಲದ ಕಿಲ್ಟನ್ನು ನೈಟ್ರೈಲ್ ಕೈಗವಸು ಮತ್ತು ಒಳ್ಳೆಯ ಮುಖಗವಸು ಹಾಕಿಕೊಂಡೇ ಮುಟ್ಟಬೇಕು. ನ್ಯಾಫ್ತಲೀನ್ ಗುಳಿಗೆಯ ವಾಸನೆ ಇದ್ದರೆ ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿ ಕೆಲವು ದಿನ ಹರಡಿಡಿ. ಬಿಸಿಲಿಗೆ ಹಾಕಬೇಡಿ.

ಎರಡನೆಯ ಹಂತ: ಮೇಜಿನ ಮೇಲೆ ಓದುವುದು

ಶುದ್ಧವಾದ ಬಿಳಿ ಹತ್ತಿ ಬಟ್ಟೆ ಹಾಸಿದ ದೊಡ್ಡ ಮೇಜು, ಅಳತೆಪಟ್ಟಿ, ಭೂತಗನ್ನಡಿ, ಓರೆಯಾಗಿ ಬೆಳಕು ಬೀಳಿಸಬಹುದಾದ ದೀಪ ಮತ್ತು 365 ನ್ಯಾನೊಮೀಟರಿನ ಅತಿನೇರಳೆ ಟಾರ್ಚ್ ಇದ್ದರೆ ಸಾಕು. ಮೊದಲು ಮುಂಭಾಗ, ಹಿಂಭಾಗ, ಒಳಭಾಗ ಈ ಮೂರನ್ನೂ ಅಳತೆಪಟ್ಟಿಯೊಂದಿಗೆ ಛಾಯಾಚಿತ್ರ ತೆಗೆಯಬೇಕು. ಆಮೇಲೆ ಒಂದೊಂದೇ ನೆರಿಗೆಯನ್ನು ಬೆರಳಿನಿಂದ ಬಿಡಿಸಿ ಒಳಗಿನ ಚಿತ್ರವನ್ನೂ ತೆಗೆಯಬೇಕು. ಇದು ಬೇಸರದ ಕೆಲಸ ಹೌದು, ಆದರೆ ಮುಂದಿನ ಪ್ರತಿಯೊಂದು ತೀರ್ಮಾನಕ್ಕೂ ಈ ಚಿತ್ರಗಳೇ ಆಧಾರ.

ಓದುವುದನ್ನು ಟಾರ್ಟನ್, ಅಂದರೆ ಬಣ್ಣದ ಗೆರೆಗಳ ಚೌಕಳಿ ವಿನ್ಯಾಸದಿಂದ ಆರಂಭಿಸಬಹುದು. ಹಲವು ಹೈಲ್ಯಾಂಡ್ ದಳಗಳ ಬಟ್ಟೆಗೆ ಮೂಲವಾದದ್ದು ಕಡು ನೀಲಿ, ಕಪ್ಪು ಮತ್ತು ಹಸಿರು ಬಣ್ಣಗಳ ಸರಕಾರಿ ಟಾರ್ಟನ್, ಅಂದರೆ ಬ್ಲ್ಯಾಕ್ ವಾಚ್ ದಳದ ವಿನ್ಯಾಸ. ಅದರ ಮೇಲೆ ಹಳದಿ ಗೆರೆ ಬಂದರೆ ಗಾರ್ಡನ್ ಹೈಲ್ಯಾಂಡರ್ಸ್. ಬಿಳಿ ಮತ್ತು ಕೆಂಪು ಗೆರೆಗಳು ಬಂದರೆ ಸೀಫೋರ್ತ್ ದಳ ಉಡುತ್ತಿದ್ದ ಮೆಕೆಂಜಿ ವಿನ್ಯಾಸ. ಗೆರೆಗಳಿಲ್ಲದ ಸರಕಾರಿ ಟಾರ್ಟನ್ನೇ ತಿಳಿ ಛಾಯೆಯಲ್ಲಿದ್ದರೆ ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ದಳವಿರಬಹುದು. ಕ್ಯಾಮರನ್ ಹೈಲ್ಯಾಂಡರ್ಸ್ ದಳದ ಎರಾಕ್ಟ್ ವಿನ್ಯಾಸ ಬೇರೆಯದೇ ಕುಟುಂಬಕ್ಕೆ ಸೇರಿದ್ದು, ಅದರಲ್ಲಿ ಕೆಂಪು ಎದ್ದು ಕಾಣುತ್ತದೆ. ಲಂಡನ್ ಸ್ಕಾಟಿಷ್ ದಳದ ಕಿಲ್ಟಿನಲ್ಲಿ ಚೌಕಳಿಯೇ ಇರುವುದಿಲ್ಲ, ಹಾಡನ್ ಗ್ರೇ ಎಂಬ ಒಂದೇ ಬಣ್ಣದ ಕಂದುಬೂದು ಬಟ್ಟೆ. ಆದರೆ ಟಾರ್ಟನ್ ನೋಡಿದೊಡನೆ ದಳವನ್ನು ನಿರ್ಧರಿಸುವುದು ಆತುರವಾಗುತ್ತದೆ. ಇದೇ ವಿನ್ಯಾಸಗಳನ್ನು ನಾಗರಿಕರೂ ಉಟ್ಟಿದ್ದಾರೆ, ಶಾಲೆಗಳೂ ಪೈಪ್ ಬ್ಯಾಂಡುಗಳೂ ಬಳಸಿವೆ. ಒಂದೇ ದಳದೊಳಗೂ ವ್ಯತ್ಯಾಸವಿರುತ್ತದೆ: ಬ್ಲ್ಯಾಕ್ ವಾಚ್‌ನ ಪೈಪರ್‌ಗಳು (ಬ್ಯಾಗ್‌ಪೈಪ್ ವಾದ್ಯ ನುಡಿಸುವವರು) ಉಡುತ್ತಿದ್ದದ್ದು ಕೆಂಪು ತುಂಬಿದ ರಾಯಲ್ ಸ್ಟುವರ್ಟ್ ಟಾರ್ಟನ್.

ಆದ್ದರಿಂದ ನೆರಿಗೆಯ ರೀತಿಯನ್ನು ಕೂಡಲೇ ಜೊತೆಗಿಟ್ಟು ನೋಡಬೇಕು. ನಾಗರಿಕರ ಇಂದಿನ ಕಿಲ್ಟಿನಲ್ಲಿ ನೆರಿಗೆ ಹಾಕಿದ ಮೇಲೂ ಚೌಕಳಿಯ ಪೂರ್ಣ ವಿನ್ಯಾಸ ಹಿಂಭಾಗದಲ್ಲಿ ಮುಂದುವರಿದಂತೆ ಕಾಣುವುದು ಸಾಮಾನ್ಯ. ಸೈನ್ಯದ ದರ್ಜಿಗಳು ಬಹುಮಟ್ಟಿಗೆ ಪ್ರತಿಯೊಂದು ನೆರಿಗೆಯ ಮೇಲೂ ಒಂದೇ ಗೆರೆ ಬರುವಂತೆ ಮಡಿಸುತ್ತಿದ್ದರು. ಸಾಲಿನಲ್ಲಿ ನಡೆಯುವ ಸೈನಿಕರ ಹಿಂಭಾಗ ಒಂದೇ ಸಮನಾಗಿ ಕಾಣಲು ಇದು ನೆರವಾಗುತ್ತಿತ್ತು. ಗಾರ್ಡನ್ ದಳದ ಕಿಲ್ಟಿನಲ್ಲಿ ಪ್ರತಿ ನೆರಿಗೆಗೂ ಹಳದಿ ಗೆರೆ ಬರುತ್ತದೆ. ಇನ್ನು ಮಡಿಕೆಯಲ್ಲಿ ಎರಡು ಬಗೆ. ಸೀರೆಯ ನೆರಿಗೆಯಂತೆ ಎಲ್ಲವೂ ಒಂದೇ ದಿಕ್ಕಿಗೆ ಬಾಗಿದ್ದರೆ ಅದು ನೈಫ್ ಪ್ಲೀಟ್. ಬಟ್ಟೆ ಎರಡೂ ಪಕ್ಕಕ್ಕೆ ಮಡಿಸಿ ಮೇಲೆ ಚಪ್ಪಟೆ ಪಟ್ಟಿ ನಿಂತಿದ್ದರೆ ಅದು ಬಾಕ್ಸ್ ಪ್ಲೀಟ್. ಹಳೆಯ ಸೈನಿಕ ಕಿಲ್ಟುಗಳೆಲ್ಲ ಬಾಕ್ಸ್ ಪ್ಲೀಟಿನವು. 19ನೇ ಶತಮಾನದ ನಡುವಿನಲ್ಲಿ ಗಾರ್ಡನ್ ದಳ ನೈಫ್ ಪ್ಲೀಟಿಗೆ ಬದಲಾಯಿತು; ಕ್ಯಾಮರನ್ ದಳದಲ್ಲೂ ಅದೇ ಬಗೆ ಕಾಣುತ್ತದೆ; ಬ್ಲ್ಯಾಕ್ ವಾಚ್, ಸೀಫೋರ್ತ್ ಮತ್ತು ಆರ್ಗೈಲ್ ದಳಗಳು ಬಾಕ್ಸ್ ಪ್ಲೀಟನ್ನೇ ಉಳಿಸಿಕೊಂಡವು. ಬಟ್ಟೆಯ ಒಟ್ಟು ಉದ್ದವೂ ಕಾಲವನ್ನು ಸೂಚಿಸುತ್ತದೆ: 18ನೇ ಶತಮಾನದ ಕೊನೆಯ ಕಿಲ್ಟಿಗೆ ಸುಮಾರು 4 ಗಜ, 19ನೇ ಶತಮಾನದ ಕೊನೆಯ ಹೊತ್ತಿಗೆ 7ರಿಂದ 8 ಗಜ. ನೆರಿಗೆಗಳ ಆಳವನ್ನು ಅಳೆದು ಕೂಡಿಸಿದರೆ ಏನನ್ನೂ ಬಿಚ್ಚದೆಯೇ ಈ ಲೆಕ್ಕ ಸಿಗುತ್ತದೆ.

ಕೆಳಗಿನ ಅಂಚನ್ನು ನೋಡಲು ಮರೆಯಬೇಡಿ. ಒಳ್ಳೆಯ ಕಿಲ್ಟಿಗೆ ಕೆಳಗೆ ಮಡಚಿ ಹೊಲಿದ ಪಟ್ಟಿ ಇರುವುದಿಲ್ಲ. ಮಗ್ಗದಲ್ಲೇ ನೇಯ್ದು ಬಂದ ಗಟ್ಟಿ ಅಂಚೇ ಮೊಣಕಾಲಿನ ಬಳಿ ಬರುತ್ತದೆ. ಮಡಚಿ ಹೊಲಿದಿದ್ದರೆ ಯಾರೋ ಆಮೇಲೆ ಗಿಡ್ಡ ಮಾಡಿದ್ದಾರೆ ಅಥವಾ ಬಟ್ಟೆಯೇ ಬೇರೆ ಎಂದು ಅನುಮಾನಿಸಬೇಕು. ವೆಲ್ಕ್ರೊ, ನೈಲಾನ್ ಪಟ್ಟಿ, ಅತಿನೇರಳೆ ಬೆಳಕಿಗೆ ನೀಲಿಬಿಳಿಯಾಗಿ ಹೊಳೆಯುವ ದಾರ ಇವೆಲ್ಲ ಎರಡನೆಯ ಮಹಾಯುದ್ಧದ ನಂತರದ ಕೈಚಳಕ. ಹೊಲಿಗೆಯಂತ್ರದ ಹೊಲಿಗೆ 1850ರ ದಶಕಕ್ಕಿಂತ ಹಿಂದಿನದಾಗಿರಲಾರದು. ಇದನ್ನೇ ತಿರುಗಿಸಿ ತರ್ಕಿಸುವುದು ಮಾತ್ರ ನಡೆಯುವುದಿಲ್ಲ: ಕಿಲ್ಟಿನ ನೆರಿಗೆಗಳನ್ನು ಇಂದಿಗೂ ಕೈಯಲ್ಲೇ ಹೊಲಿಯುವವರಿದ್ದಾರೆ, ಆದ್ದರಿಂದ ಕೈಹೊಲಿಗೆ ಕಂಡ ಮಾತ್ರಕ್ಕೆ ವಸ್ತು ಹಳೆಯದೆಂದು ಹೇಳಲಾಗದು.

ಮುದ್ರೆಗಳು ಮತ್ತು ಸಂಖ್ಯೆಗಳು

ಅಸ್ತರಿಯ ಮೇಲೆ ಹೊಲಿದ ಅಥವಾ ಶಾಯಿಯಲ್ಲಿ ಒತ್ತಿದ ಗುರುತುಗಳೇ ಅತ್ಯಂತ ನಂಬಲರ್ಹ ಸಾಕ್ಷ್ಯ, ಹಾಗೆಯೇ ನಕಲು ಮಾಡುವವರಿಗೆ ಅತ್ಯಂತ ಪ್ರಿಯವಾದ ಜಾಗವೂ ಅದೇ. ಬ್ರಿಟಿಷ್ ಸರಕಾರದ ಆಸ್ತಿಗೆ ಡಬ್ಲ್ಯೂ ಮತ್ತು ಡಿ ಅಕ್ಷರಗಳ ನಡುವೆ ಬಾಣದ ಗುರುತು ಇರುತ್ತದೆ. ಸಿ ಅಕ್ಷರದೊಳಗೆ ಬಾಣವಿದ್ದರೆ ಅದು ಕೆನಡಾದ ಸೈನ್ಯದ್ದು. ಎರಡು ಬಾಣಗಳು ಮೊನೆಗೆ ಮೊನೆ ತಾಗಿ ನಿಂತಿದ್ದರೆ ಸೈನ್ಯ ಆ ವಸ್ತುವನ್ನು ಬೇಡವೆಂದು ಮಾರಿದೆ ಎಂದರ್ಥ.

ಸೈನಿಕನ ಸಂಖ್ಯೆಯಿಂದ ಕಾಲವನ್ನು ಬಹಳ ಚೆನ್ನಾಗಿ ಗುರುತಿಸಬಹುದು. 1920ಕ್ಕೆ ಮೊದಲು ಪ್ರತಿ ದಳವೂ ತನ್ನದೇ ಸಂಖ್ಯೆ ಕೊಡುತ್ತಿತ್ತು, ಹೀಗಾಗಿ ಸಾಮಾನ್ಯವಾಗಿ ನಾಲ್ಕೈದು ಅಂಕೆಗಳು ಕಾಣುತ್ತವೆ. 1917ರಲ್ಲಿ ಅರೆಕಾಲಿಕ ಸ್ವಯಂಸೇವಕರ ಟೆರಿಟೋರಿಯಲ್ ಪಡೆಯವರಿಗೆ ಆರಂಕಿ ಸಂಖ್ಯೆಗಳು ಬಂದವು. 1920ರಲ್ಲಿ ಇಡೀ ಸೈನ್ಯಕ್ಕೆ ಒಂದೇ ಸರಣಿ ಜಾರಿಯಾಗಿ ದಳಗಳಿಗೆ ಗೊತ್ತಾದ ವ್ಯಾಪ್ತಿಗಳು ಹಂಚಿಕೆಯಾದವು. ಗಾರ್ಡನ್ ದಳದ ಪಾಲಿಗೆ ಬಂದದ್ದು 28,65,001ರಿಂದ 29,21,000ರವರೆಗಿನದು. ಒಂದು ಕಿಲ್ಟ್ ಕೈಯಿಂದ ಕೈಗೆ ಹೋಗುತ್ತಿದ್ದುದರಿಂದ ಒಂದು ಸಂಖ್ಯೆಯನ್ನು ಹೊಡೆದುಹಾಕಿ ಇನ್ನೊಂದನ್ನು ಬರೆದಿರುವುದು ದೋಷವಲ್ಲ. ಅಂಥ ಗೀಚು ಇದ್ದರೆ ನನಗೆ ನಂಬಿಕೆ ಹೆಚ್ಚುತ್ತದೆ. ಅನುಮಾನ ಬರಬೇಕಾದದ್ದು ಬೆವರಿನಿಂದ ಕಂದಿದ ಅಸ್ತರಿಯ ಮೇಲೆ ಕಪ್ಪಗೆ, ಚೂಪಾಗಿ, ಕೊಳೆಯ ಮೇಲ್ಗಡೆ ಕುಳಿತ ಮುದ್ರೆಯನ್ನು ಕಂಡಾಗ.

ದಳದ ಹೆಸರನ್ನು ಓದುವಾಗ 1881ನ್ನು ನೆನಪಿಡಬೇಕು. ಆ ವರ್ಷ ಸಂಖ್ಯೆಗಳಿಂದ ಕರೆಯಲಾಗುತ್ತಿದ್ದ ದಳಗಳನ್ನು ಜೋಡಿ ಮಾಡಿ ಹೆಸರು ಕೊಟ್ಟರು: 42 ಮತ್ತು 73 ಸೇರಿ ಬ್ಲ್ಯಾಕ್ ವಾಚ್, 75 ಮತ್ತು 92 ಸೇರಿ ಗಾರ್ಡನ್ ಹೈಲ್ಯಾಂಡರ್ಸ್, 72 ಮತ್ತು 78 ಸೇರಿ ಸೀಫೋರ್ತ್. ಇಲ್ಲಿ ಕನ್ನಡಿಗರಿಗೆ ಹತ್ತಿರದ ಒಂದು ಸಂಗತಿ ಬರುತ್ತದೆ. ಬ್ಲ್ಯಾಕ್ ವಾಚ್‌ನ ಯುದ್ಧಗೌರವಗಳಲ್ಲಿ, ಅಂದರೆ ಹೋರಾಡಿದ ನೆನಪಿಗೆ ದಳಕ್ಕೆ ಕೊಟ್ಟ ಕಾಳಗಗಳ ಹೆಸರುಗಳಲ್ಲಿ, ಮಂಗಳೂರಿನ ಹೆಸರಿದೆ. 1783ರಿಂದ 84ರವರೆಗೆ ಟಿಪ್ಪುವಿನ ಮುತ್ತಿಗೆಯಲ್ಲಿ ಕೋಟೆಯೊಳಗಿದ್ದ ತುಕಡಿಯೇ ಮುಂದೆ 73ನೇ ದಳವಾಯಿತು. ಗಾರ್ಡನ್ ದಳದ ಗೌರವಗಳಲ್ಲಿ ಮೈಸೂರು, ಶ್ರೀರಂಗಪಟ್ಟಣ ಎರಡೂ ಇವೆ, 75ನೇ ದಳ ಅಲ್ಲಿ ಹೋರಾಡಿದ್ದರಿಂದ. ಇದನ್ನು ಬಲ್ಲ ಮಾರಾಟಗಾರ ‘ಶ್ರೀರಂಗಪಟ್ಟಣದ ಕಿಲ್ಟ್’ ಎಂದು ಹೇಳಿದರೆ ಕೊಳ್ಳುವವರು ಎರಡು ಸಲ ಯೋಚಿಸಬೇಕು. ಭಾರತದಲ್ಲಿದ್ದ ಹೈಲ್ಯಾಂಡ್ ದಳಗಳಲ್ಲಿ ಕೆಲವು ಇಲ್ಲಿನ ಸೆಕೆಗೆ ಕಿಲ್ಟನ್ನು ಬದಿಗಿಟ್ಟಿದ್ದವು. 1809ರಲ್ಲಿ 73, 74, 75 ಸೇರಿದಂತೆ ಆರು ದಳಗಳಿಂದ ಹೈಲ್ಯಾಂಡ್ ಉಡುಪನ್ನೇ ಹಿಂತೆಗೆದುಕೊಳ್ಳಲಾಯಿತು. 1799ರ ಕಿಲ್ಟ್ ಎಂದು ಹೇಳಿ ಎಂಟು ಗಜದ, ಯಂತ್ರದಿಂದ ಅಸ್ತರಿ ಹೊಲಿದ, ನೈಫ್ ಪ್ಲೀಟಿನ ಬಟ್ಟೆ ತೋರಿಸಿದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಮೂರನೆಯ ಹಂತ: ಸವೆತವನ್ನು ಅರ್ಥ ಮಾಡಿಕೊಳ್ಳುವುದು

ಎಲ್ಲ ಹಾನಿಯನ್ನೂ ಹಾನಿ ಎಂದು ಪಟ್ಟಿ ಮಾಡಬಾರದು. ಮುಂಭಾಗದ ನಡುವೆ ನವಿರು ಸವೆದು ಹೊಳೆಯುವ ಜಾಗವಿದ್ದರೆ ಅಲ್ಲಿ ಸ್ಪೊರನ್ ಎಂಬ ಚೀಲ ತೂಗುತ್ತಿತ್ತು. ಸೊಂಟದ ಪಕ್ಕದ ಗೆರೆ ಅದರ ಪಟ್ಟಿಯದು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ (1899–1902) ಕಾಲದಿಂದ ಕಿಲ್ಟಿನ ಮೇಲೆ ಕಾಕಿ ಬಟ್ಟೆಯ ಹೊದಿಕೆ ಕಟ್ಟುತ್ತಿದ್ದರು, ಹಾಗಾಗಿ ಮುಂಭಾಗ ಹಿಂಭಾಗಕ್ಕಿಂತ ಚೆನ್ನಾಗಿ ಉಳಿದಿರಬಹುದು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ನೆರಿಗೆಯ ಹೊಲಿಗೆಸಾಲುಗಳಲ್ಲಿ ಹೇನು ತುಂಬಿಕೊಳ್ಳುತ್ತಿತ್ತು, ಸೈನಿಕರು ಮೋಂಬತ್ತಿಯ ಜ್ವಾಲೆಯನ್ನು ಆ ಸಾಲಿನುದ್ದಕ್ಕೆ ಹಾಯಿಸಿ ಅದನ್ನು ಸುಡುತ್ತಿದ್ದರು. ಒಳಹೊಲಿಗೆಯ ಬಳಿ ಸಾಲಾಗಿ ಕರಕಲು ಚುಕ್ಕೆಗಳು ಸಿಕ್ಕರೆ ಅವನ್ನು ಮುಚ್ಚಲು ಹೋಗಬೇಡಿ. ಕೆಳಅಂಚಿನ ಹಿಂಭಾಗ ಗಟ್ಟಿಯಾಗಿ ಮಣ್ಣು ಹಿಡಿದಿರುವುದೂ ಹಾಗೆಯೇ. ನೆನೆದ ಕಿಲ್ಟಿನ ಅಂಚು ಚಳಿಗೆ ಹೆಪ್ಪುಗಟ್ಟಿ ಮೊಣಕಾಲಿನ ಹಿಂದೆ ಕೊಯ್ಯುತ್ತಿದ್ದ ಕಾಲದ ಗುರುತು ಅದು. 1940ರಲ್ಲಿ ಫ್ರಾನ್ಸಿನಲ್ಲಿ ಕ್ಯಾಮರನ್ ದಳದವರು ಉಟ್ಟಿದ್ದರೆನ್ನುವುದನ್ನು ಬಿಟ್ಟರೆ ಎರಡನೆಯ ಮಹಾಯುದ್ಧದ ರಣರಂಗದಲ್ಲಿ ಕಿಲ್ಟಿಗೆ ಜಾಗವಿರಲಿಲ್ಲ. ಹೀಗಾಗಿ ಯುದ್ಧಭೂಮಿಯ ಸವೆತವೆಂದು ಹೇಳಲಾಗುವುದು ಬಹುಮಟ್ಟಿಗೆ ಮೊದಲ ಮಹಾಯುದ್ಧದ್ದು ಅಥವಾ ಅದಕ್ಕೂ ಹಿಂದಿನದು.

ಬಣ್ಣಗಳನ್ನು ನೆರಿಗೆಯ ಒಳಗೂ ಹೊರಗೂ ಅಕ್ಕಪಕ್ಕ ನೋಡಬೇಕು. ಹಳೆಯ ಹಸಿರು ಬಂದದ್ದು ನೀಲಿಯ ಮೇಲೆ ಸಸ್ಯಮೂಲದ ಹಳದಿ ಅದ್ದಿ. ಹಳದಿ ಮೊದಲು ಮಾಸುವುದರಿಂದ ಹೊರಮೈಯ ಹಸಿರು ನೀಲಿಯತ್ತ ತಿರುಗಿರುತ್ತದೆ. ಸಂಶ್ಲೇಷಿತ ಬಣ್ಣಗಳು 1856ರ ನಂತರ ಬಂದವು. ಅತ್ಯಂತ ಜಾಗ್ರತೆ ಬೇಕಾದದ್ದು ಕಪ್ಪು ದಾರಕ್ಕೆ: ಕಬ್ಬಿಣದ ಲವಣ ಬಳಸಿ ಕಪ್ಪು ಬಣ್ಣ ಕಟ್ಟಿದ ಉಣ್ಣೆ ಕಾಲ ಕಳೆದಂತೆ ಒಳಗಿನಿಂದಲೇ ಜೀರ್ಣವಾಗುತ್ತದೆ. ಉಳಿದ ಬಣ್ಣಗಳು ಗಟ್ಟಿಯಾಗಿದ್ದು ಕಪ್ಪು ಪಟ್ಟಿಗಳಲ್ಲಿ ಮಾತ್ರ ಹಾಸು ಅಥವಾ ಹೊಕ್ಕು ಉದುರಿದ್ದರೆ ಕಾರಣ ನುಸಿಯಲ್ಲ, ಬಣ್ಣವೇ. ಚಿಮುಟದ ತುದಿಯಿಂದ ಮೆಲ್ಲಗೆ ಮುಟ್ಟಿದಾಗ ಪುಡಿಯಾದರೆ ಆ ಕಿಲ್ಟನ್ನು ಒದ್ದೆ ಮಾಡುವ ಯೋಚನೆಯನ್ನೇ ಬಿಡಬೇಕು.

ನಾಲ್ಕನೆಯ ಹಂತ: ಶುಚಿಗೊಳಿಸುವುದು

ಒಣ ಶುಚಿ ಸಾಕಾಗುವ ಸಂದರ್ಭಗಳೇ ಹೆಚ್ಚು. ವ್ಯಾಕ್ಯೂಮ್ ಕ್ಲೀನರಿನ ಸೆಳೆತವನ್ನು ಅತಿ ಕಡಿಮೆಗೆ ಇಳಿಸಿ, ಕೊಳವೆಯ ಬಾಯಿಗೆ ನೈಲಾನ್ ಜಾಲರಿ ಕಟ್ಟಿ, ಮೃದುವಾದ ಬ್ರಷ್ಷಿನಿಂದ ಧೂಳನ್ನು ಅದರತ್ತ ತಳ್ಳಬೇಕು. ಬ್ರಷ್ಷನ್ನು ನೇಯ್ಗೆಯ ದಿಕ್ಕಿಗೆ ಮಾತ್ರ ಆಡಿಸಬೇಕು. ಒಂದು ನೆರಿಗೆ ಮುಗಿದ ಮೇಲೆ ಇನ್ನೊಂದಕ್ಕೆ ಹೋಗಬೇಕು. ಮಣ್ಣು ಯುದ್ಧದ್ದೆಂದು ನಂಬಲು ಕಾರಣವಿದ್ದರೆ ಆ ಭಾಗವನ್ನು ಬಿಟ್ಟುಬಿಡಿ ಅಥವಾ ಉದುರಿದ ಚೂರನ್ನು ಗಾಜಿನ ಸೀಸೆಯಲ್ಲಿ ಜಾಗದ ಹೆಸರು ಬರೆದು ಎತ್ತಿಡಿ.

ನೀರಿನಲ್ಲಿ ಒಗೆಯುವುದನ್ನು ಮನೆಯಲ್ಲಿ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಎರಡು ಕಿಲೋ ಆಸುಪಾಸಿನ ಬಟ್ಟೆ ನೀರು ಹೀರಿದಾಗ ತನ್ನ ಭಾರಕ್ಕೇ ಹೊಲಿಗೆಯನ್ನು ಹರಿದುಕೊಳ್ಳುತ್ತದೆ. ಒಳಗಿನ ಕ್ಯಾನ್ವಾಸ್, ಹತ್ತಿಯ ಅಸ್ತರಿ ಮತ್ತು ಉಣ್ಣೆ ಮೂರೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಉಜ್ಜಿದರೆ ಉಣ್ಣೆ ಗಂಟುಕಟ್ಟಿ ಕಂಬಳಿಯಾಗುತ್ತದೆ. ಸಾಮಾನ್ಯ ಸೋಪಿನ ಕ್ಷಾರ ನಾರನ್ನು ಕೊರೆಯುತ್ತದೆ. ಡ್ರೈ ಕ್ಲೀನಿಂಗ್ ಅಂಗಡಿಯ ಡ್ರಮ್ಮಿನ ತಿರುಗಾಟವೂ ಶಿಥಿಲ ದಾರಕ್ಕೆ ಸಹ್ಯವಲ್ಲ. ಪರಿಣತರ ಬಳಿ ಒಯ್ಯುವ ಮೊದಲು ಬಣ್ಣ ಬಿಡುತ್ತದೆಯೇ ಎಂಬ ಪರೀಕ್ಷೆಯನ್ನಷ್ಟೇ ನೀವೇ ಮಾಡಿಕೊಳ್ಳಬಹುದು: ಕಾಣದ ಜಾಗದಲ್ಲಿ ಪ್ರತಿ ಬಣ್ಣದ ದಾರದ ಮೇಲೂ ಭಟ್ಟಿ ಇಳಿಸಿದ ನೀರಿನ ಒಂದು ಹನಿ ಇಟ್ಟು, ಹತ್ತು ನಿಮಿಷ ಕಾದು, ಬಿಳಿ ಬ್ಲಾಟಿಂಗ್ ಕಾಗದ ಒತ್ತಿ ನೋಡಬೇಕು. ಕೆಂಪು ಸ್ವಲ್ಪವೇ ಇಳಿದರೂ ಉತ್ತರ ಸಿಕ್ಕಿತು.

ಐದನೆಯ ಹಂತ: ಸೂಜಿ

ನುಸಿ ತಿಂದ ತೂತಿನ ಅಂಚನ್ನು ಕತ್ತರಿಯಿಂದ ನೇರ ಮಾಡಬಾರದು. ತೂತಿಗಿಂತ ಎಲ್ಲ ಕಡೆಯೂ ಒಂದೆರಡು ಸೆಂಟಿಮೀಟರ್ ದೊಡ್ಡದಾದ, ಅದೇ ಛಾಯೆಗೆ ಬಣ್ಣ ಹಾಕಿದ ತೆಳು ಉಣ್ಣೆ ಅಥವಾ ಹತ್ತಿ ತುಂಡನ್ನು ಹಿಂದಿನಿಂದ, ಅದರ ಹಾಸು ಮೂಲ ಬಟ್ಟೆಯ ಹಾಸಿಗೆ ಸಮನಾಗುವಂತೆ ಇಡಬೇಕು. ಬಣ್ಣವನ್ನು ನೆರಿಗೆಯ ಒಳಗಿನ ಹೊಸ ಛಾಯೆಗೆ ಹೊಂದಿಸದೆ, ಹೊರಮೈಯ ಮಾಸಿದ ಛಾಯೆಗೆ, ಅದಕ್ಕಿಂತಲೂ ತುಸು ಮಂಕಾಗಿ ಹೊಂದಿಸಬೇಕು. ಆಮೇಲೆ ಕೂದಲಿನಷ್ಟು ತೆಳುವಾದ ರೇಷ್ಮೆ ದಾರವನ್ನು ಶಿಥಿಲ ಜಾಗದ ಮೇಲೆ ಅಡ್ಡಲಾಗಿ ಹಾಯಿಸಿ, ಗಟ್ಟಿ ಬಟ್ಟೆಯಲ್ಲಿ ಅದರ ಎರಡು ತುದಿಗಳನ್ನು ನಿಲ್ಲಿಸಿ, ನಡುನಡುವೆ ಅತಿ ಚಿಕ್ಕ ಹೊಲಿಗೆಗಳಿಂದ ಹಿಡಿಸಬೇಕು. ಸಾಲುಗಳ ನಡುವೆ ನಾಲ್ಕೈದು ಮಿಲಿಮೀಟರ್ ಅಂತರವಿದ್ದರೆ ಸಾಕು. ಸೂಜಿ ದಾರಗಳ ನಡುವಿನಿಂದ ಹೋಗಬೇಕೇ ಹೊರತು ದಾರವನ್ನು ಸೀಳಬಾರದು. ದಾರವನ್ನು ಬಿಗಿಯಾಗಿ ಎಳೆಯಬಾರದು. ಇಸ್ತ್ರಿಯ ಬಿಸಿಗೆ ಅಂಟುವ ಕ್ಯಾನ್ವಾಸನ್ನು ಯಾವ ಕಾರಣಕ್ಕೂ ಬಳಸಬೇಡಿ. ಅದರ ಅಂಟು ನಾರಿನೊಳಗೆ ಇಳಿದ ಮೇಲೆ ಮತ್ತೆ ತೆಗೆಯಲು ಬರುವುದಿಲ್ಲ.

ಕಿಲ್ಟಿನ ಒಳತುದಿಯಿಂದಲೇ ಮೂಲ ದಾರ ಬಿಡಿಸಿಕೊಂಡು ತೂತನ್ನು ಕಾಣದಂತೆ ನೇಯುವ ಪದ್ಧತಿಯೂ ಇದೆ, ನುರಿತವರ ಕೈಯಲ್ಲಿ ಫಲ ಅದ್ಭುತವಾಗಿರುತ್ತದೆ. ಉಡುವ ಬಟ್ಟೆಗೆ ಅದು ಸರಿ. ಸಂಗ್ರಹದ ವಸ್ತುವಿಗೆ ಮಾತ್ರ ಒಂದು ಜಾಗದ ಸಾಕ್ಷ್ಯವನ್ನು ಕಿತ್ತು ಇನ್ನೊಂದು ಜಾಗದ ಸಾಕ್ಷ್ಯವನ್ನು ಮರೆಮಾಚಿದಂತಾಗುತ್ತದೆ. ಒಳನೆರಿಗೆಯ ತೂತುಗಳಿಗೆ, ಅವು ಹರಿಯುತ್ತಾ ಹೋಗದಿದ್ದರೆ, ಏನೂ ಮಾಡಬೇಕಾಗಿಲ್ಲ.

ದಳದ ದರ್ಜಿಯೋ ಸೈನಿಕನೋ ಆ ಕಾಲದಲ್ಲೇ ಹಾಕಿದ ತೇಪೆ ಒರಟಾಗಿದ್ದರೂ ಉಳಿಯಬೇಕು. ತೆಗೆಯಬಹುದಾದದ್ದು ಇತ್ತೀಚಿನ ಪಾಲಿಯೆಸ್ಟರ್ ದಾರ ಬಟ್ಟೆಯನ್ನು ಎಳೆದು ಹರಿಯುತ್ತಿದ್ದರೆ ಮಾತ್ರ, ಅದೂ ಚಿತ್ರ ತೆಗೆದ ಮೇಲೆ. ನೆರಿಗೆಯ ಮೇಲ್ಭಾಗದ ಹೊಲಿಗೆ ಬಿಟ್ಟಿದ್ದರೆ ಹಳೆಯ ಸೂಜಿರಂಧ್ರಗಳಲ್ಲೇ ಮತ್ತೆ ಹೊಲಿಯಬೇಕು. ರಂಧ್ರಗಳ ಸಾಲು ಎರಡಿದ್ದರೆ ಸೊಂಟದ ಅಳತೆ ಒಮ್ಮೆ ಬದಲಾಗಿತ್ತೆಂದು ತಿಳಿಯುತ್ತದೆ, ಅದನ್ನೂ ಬರೆದಿಡಿ.

ಚರ್ಮದ ಪಟ್ಟಿಗಳಿಗೆ ಎಣ್ಣೆ ಹಚ್ಚಬೇಡಿ, ಅದು ಉಣ್ಣೆಗೆ ಇಳಿದು ಕಲೆ ಮಾಡುತ್ತದೆ. ಕೆಂಪು ಪುಡಿ ಉದುರುವ ಚರ್ಮಕ್ಕೆ ಪರಿಣತರು ಕ್ಲೂಸೆಲ್ ಜಿ ಎಂಬ ಸೆಲ್ಯುಲೋಸ್ ದ್ರಾವಣ ಹಚ್ಚುತ್ತಾರೆ. ತುಕ್ಕು ಹಿಡಿದ ಬಕಲ್ ಮತ್ತು ಬಟ್ಟೆಯ ನಡುವೆ ಪಾಲಿಯೆಸ್ಟರ್ ಹಾಳೆಯ ತುಂಡೊಂದನ್ನು ಸೇರಿಸಿದರೆ ಸಾಕು.

ಆರನೆಯ ಹಂತ: ನೆರಿಗೆ ಕೂರಿಸಿ ಎತ್ತಿಡುವುದು

ಅಡ್ಡಾದಿಡ್ಡಿ ಮಡಿಕೆ ಬಿದ್ದ ನೆರಿಗೆಯನ್ನು ಬಿಸಿ ಇಸ್ತ್ರಿಯಿಂದ ಒತ್ತಿದರೆ ಉಣ್ಣೆ ಹೊಳಪು ಹಿಡಿಯುತ್ತದೆ, ಆ ಹೊಳಪು ಹೋಗುವುದಿಲ್ಲ. ಮೊದಲು ಕೆಳಅಂಚಿನ ಬಳಿ ನೆರಿಗೆಗಳನ್ನು ಅವುಗಳ ಮೂಲ ಗೆರೆಗೆ ತಂದು ಸಡಿಲವಾದ ಕಚ್ಚಾ ಹೊಲಿಗೆ ಹಾಕಿ. ಬಳಿಕ ನೆರಿಗೆಯ ಮೇಲೆ ನೀರನ್ನು ತಡೆದು ಆವಿಯನ್ನು ಬಿಡುವ ಗೋರ್‌ಟೆಕ್ಸ್ ಬಟ್ಟೆ ಹಾಸಿ, ಅದರ ಮೇಲೆ ತುಸು ಒದ್ದೆಯಾದ ಬ್ಲಾಟಿಂಗ್ ಕಾಗದವಿಟ್ಟು, ಆವಿ ಮಾತ್ರ ಉಣ್ಣೆಗೆ ತಲುಪುವಂತೆ ಮಾಡಿ, ದಾರ ಮೃದುವಾದಾಗ ಕೈಯಲ್ಲಿ ಸರಿಪಡಿಸಿ, ಗಾಜಿನ ಹಲಗೆಯ ತೂಕವಿಟ್ಟು ಒಣಗಲು ಬಿಡಬೇಕು. ಬಣ್ಣ ಬಿಡುವ ಕಿಲ್ಟಿಗೆ ಇದೂ ಬೇಡ.

ತಂತಿಯ ಹ್ಯಾಂಗರಿಗೆ ಕ್ಲಿಪ್ಪಿನಿಂದ ತೂಗುಹಾಕಿದರೆ ಇಡೀ ಭಾರ ಸೊಂಟಪಟ್ಟಿಯ ನಾಲ್ಕು ಬಿಂದುಗಳ ಮೇಲೆ ಬೀಳುತ್ತದೆ. ಆಮ್ಲರಹಿತ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿಟ್ಟು, ಮಡಿಕೆ ಬರುವಲ್ಲೆಲ್ಲ ಟಿಶ್ಯೂ ಕಾಗದದ ಸುರುಳಿ ಸೇರಿಸುವುದು ಉತ್ತಮ. ತೇವಾಂಶ ಶೇ 50ರಿಂದ 55ರ ನಡುವೆ ಇರಲಿ. 65 ದಾಟಿದರೆ ಬೂಷ್ಟು ಹಿಡಿಯುವ ಭಯವಿದೆ, ಆದ್ದರಿಂದ ಮಲೆನಾಡು ಮತ್ತು ಕರಾವಳಿಯಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು ಚಿಕ್ಕದೊಂದು ತೇವಮಾಪಕವನ್ನೂ ಇಡಬೇಕು. ಪ್ರದರ್ಶನಕ್ಕಿಟ್ಟಾಗ ಬೆಳಕು 50 ಲಕ್ಸ್ ಮೀರಬಾರದು.

ಗುರುತಿಸುವಿಕೆಯಲ್ಲಿ ಸಂದೇಹ ಉಳಿದರೆ ಚಿತ್ರಗಳನ್ನು ಸಂಬಂಧಪಟ್ಟ ದಳದ ವಸ್ತುಸಂಗ್ರಹಾಲಯಕ್ಕೆ ಕಳುಹಿಸಬಹುದು: ಬ್ಲ್ಯಾಕ್ ವಾಚ್‌ಗೆ ಪರ್ತ್‌ನ ಬಾಲ್‌ಹೌಸಿ ಕೋಟೆ, ಗಾರ್ಡನ್ ದಳಕ್ಕೆ ಅಬರ್ಡೀನ್, ಸೀಫೋರ್ತ್ ಮತ್ತು ಕ್ಯಾಮರನ್‌ಗಳಿಗೆ ಫೋರ್ಟ್ ಜಾರ್ಜ್, ಆರ್ಗೈಲ್‌ಗೆ ಸ್ಟರ್ಲಿಂಗ್ ಕೋಟೆ. ಭಾರತದಲ್ಲಿ ಸಿಕ್ಕ ಕಿಲ್ಟ್ ನೂರು ವರ್ಷ ದಾಟಿದ್ದರೆ ಅದು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಅಂಥ ವಸ್ತುವನ್ನು ಖಾಸಗಿ ವ್ಯಕ್ತಿ ವಿದೇಶಕ್ಕೆ ಒಯ್ಯುವಂತಿಲ್ಲ, ಹಾಗಾಗಿ ಚಿತ್ರಗಳನ್ನಷ್ಟೇ ಕಳುಹಿಸಬೇಕು, ಕಿಲ್ಟನ್ನಲ್ಲ. ದಾಖಲೆಯ ಪ್ರತಿಯೊಂದನ್ನು ಪೆನ್ಸಿಲಿನಲ್ಲಿ ಆಮ್ಲರಹಿತ ಕಾಗದದ ಮೇಲೆ ಬರೆದು ಪೆಟ್ಟಿಗೆಯೊಳಗೆ ಇಡಿ. ಪೆಟ್ಟಿಗೆಯ ಪಕ್ಕ ನುಸಿಯ ಅಂಟುಬಲೆಯೊಂದನ್ನು ಇಟ್ಟು, ಮಳೆಗಾಲದ ಆರಂಭಕ್ಕೊಮ್ಮೆ ಮತ್ತು ಮುಗಿದ ಮೇಲೊಮ್ಮೆ ಮುಚ್ಚಳ ತೆಗೆದು ನೋಡಿ, ಟಿಶ್ಯೂ ಸುರುಳಿಗಳ ಜಾಗವನ್ನು ತುಸು ಬದಲಿಸಿ ಮತ್ತೆ ಮುಚ್ಚಬೇಕು.